ಎಪಿಪಿ ಹಾಜರು

ಮ್ಯಾಜಿಸ್ಟ್ರೇಟ್ ಕೋರ್ಟಿನ ಆರ್ಡರ್ ಶೀಟಿನಲ್ಲಿ ಆರೋಪಿಗಳ ಬಗ್ಗೆ ಸಾಲುಗಟ್ಟಲೆ ಬರೆದಿರುತ್ತಾರೆ. ಒಂದನೇ ಆರೋಪಿ ಹಾಜರು, ಎರಡನೇ ಆರೋಪಿ ಗೈರು, ಅವರ ಪರ ವಕೀಲರಿಂದ ವಿನಾಯಿತಿ ಅರ್ಜಿ, ಮೂರನೇ ಆರೋಪಿಯ ಮೇಲೆ ವಾರಂಟ್. ಸರ್ಕಾರದ ಪರ ನಿಂತವರಿಗೆ ಮಾತ್ರ ಎರಡೇ ಪದ: ‘ಎಪಿಪಿ ಹಾಜರು.’ ಹಾಜರಿದ್ದು ಏನು ಕೇಳಿದರು, ಏನು ಕೇಳದೆ ಬಿಟ್ಟರು ಎಂಬುದು ಅಲ್ಲಿ ಸಿಗುವುದಿಲ್ಲ. ಅದು ಬೇಕಾದರೆ ಸಾಕ್ಷಿ ಹೇಳಿಕೆಯ ಹಾಳೆಗಳನ್ನೇ ತಿರುವಬೇಕು.

ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿ (ಎಪಿಪಿ) ಸೇರಿ, ಸೆಷನ್ಸ್ ಕೋರ್ಟಿನ ಸರ್ಕಾರಿ ಅಭಿಯೋಜಕಿಯಾಗಿ (ಪಿಪಿ) ನಿವೃತ್ತರಾಗಿ ಈಗ ಮೈಸೂರಿನಲ್ಲಿರುವ ಮಹಿಳೆಯೊಬ್ಬರ ಎದುರು ಈ ಮಾತು ತೆಗೆದರೆ ಅವರು ನಗುತ್ತಾರೆ. ‘ಕೇಳದೆ ಬಿಟ್ಟ ಪ್ರಶ್ನೆಗೂ ಸಂಬಳ ಕೊಡ್ತಾರಲ್ಲ, ಅದೇ ಈ ಕೆಲಸದ ಅಪಾಯ’ ಎನ್ನುತ್ತಾರೆ. ಹೆಸರು ಹಾಕಬಾರದು ಎಂಬುದು ಅವರ ಷರತ್ತು. ಅವರು ನಡೆಸಿದ ಕೇಸುಗಳ ಸಾಕ್ಷಿಗಳೂ ಆರೋಪಿಗಳೂ ಇವತ್ತಿಗೂ ಅವೇ ಊರುಗಳಲ್ಲಿ, ಅಕ್ಕಪಕ್ಕದ ಬೀದಿಗಳಲ್ಲಿ ಇದ್ದಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಂಡ್ಯ ಸೀಮೆಯ ಒಂದು ತಾಲ್ಲೂಕು ಕೋರ್ಟಿಗೆ ಅವರ ಮೊದಲ ನೇಮಕ. ಅಭಿಯೋಜಕರಿಗೆಂದು ಇದ್ದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬೀಗ ಸರಿಯಾಗಿ ಬೀಳದ ಒಂದು ಬೀರು. ಟೈಪಿಸ್ಟ್ ಇಲ್ಲ, ಜವಾನನೂ ಇಲ್ಲ. ಬೆಳಿಗ್ಗೆ ಠಾಣೆಗಳಿಂದ ಕೋರ್ಟ್ ಡ್ಯೂಟಿಯ ಕಾನ್‌ಸ್ಟೇಬಲ್‌ಗಳು ಕಡತದ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಂದರೆ ಅವರೇ ಗುಮಾಸ್ತರು, ಅವರೇ ಜವಾನರು, ಅವರೇ ಪಂಚಾಂಗ. ಯಾವ ಸಾಕ್ಷಿ ಬಂದಿದ್ದಾನೆ, ಯಾರು ಆರೋಪಿಯ ಜತೆಯಲ್ಲೇ ಒಂದೇ ಬೈಕಿನಲ್ಲಿ ಬಂದಿಳಿದ, ಯಾವ ಊರಿನಲ್ಲಿ ನಿನ್ನೆ ರಾತ್ರಿ ಪಂಚಾಯ್ತಿ ನಡೆಯಿತು ಎಂಬುದೆಲ್ಲ ಅವರಿಂದಲೇ ತಿಳಿಯಬೇಕು. ವಕೀಲರ ಸಂಘದ ಹಿರಿಯರು ‘ಏನಮ್ಮ’ ಎನ್ನುತ್ತಿದ್ದರು. ಕಕ್ಷಿದಾರರು ‘ಮೇಡಮ್ಮೋರೆ’ ಎನ್ನುತ್ತಿದ್ದರು. ಪೊಲೀಸರು ‘ನಮ್ಮ ಮೇಡಂ’ ಎನ್ನುತ್ತಿದ್ದರು. ಅವರಿಗೆ ಹಿಡಿಸದೆ ಹೋದದ್ದು ಮೂರನೆಯದು.

ಮೊದಲ ವರ್ಷ ಕೈಗೆ ಬಂದದ್ದರಲ್ಲಿ ಮುಕ್ಕಾಲು ಪಾಲು ಸಣ್ಣ ಕೇಸುಗಳು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಕಲಂ ಎಂದರೆ ಬಯಲಿನಲ್ಲಿ ಕೂತು ಅಂದರ್ ಬಾಹರ್ ಆಡಿದ್ದು. ಮಹಜರಿನಲ್ಲಿ ತಪ್ಪದೆ 52 ಇಸ್ಪೀಟು ಎಲೆ, ಹಾಸಿಕೊಂಡಿದ್ದ ಒಂದು ಹಳೆಯ ಪೇಪರು, ಪಣಕ್ಕಿಟ್ಟ ಹಣ. ದಾಳಿಯಾದಾಗ ಆಡುವವರು ಎದ್ದು ಗದ್ದೆ ಬಿದ್ದು ಓಡುತ್ತಾರೆ, ಎಲೆಗಳು ಗಾಳಿಗೆ ಹಾರುತ್ತವೆ. ಆದರೂ 51 ಎಲೆಯ ಮಹಜರು ತಮ್ಮ ಕಣ್ಣಿಗೆ ಬಿದ್ದಿಲ್ಲ ಎಂದು ಅಲ್ಲಿನ ಮ್ಯಾಜಿಸ್ಟ್ರೇಟರು ಕುಚೋದ್ಯ ಮಾಡುತ್ತಿದ್ದರಂತೆ. ಆರೋಪಿಗಳು ಸಾಲಾಗಿ ನಿಂತು ‘ತಪ್ಪಾಯ್ತು ಸ್ವಾಮಿ’ ಎಂದು ದಂಡ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಿದ್ದರು. ಅಂಥ ಕೇಸಿನಲ್ಲಿ ಅಭಿಯೋಜಕಿ ಎದ್ದು ನಿಲ್ಲುವುದಷ್ಟೇ ಕೆಲಸ.

‘ನಮ್ಮ ಮೇಡಂ’ ಎಂಬ ಮಾತಿಗೆ ಒಂದು ಇತಿಹಾಸವಿದೆ. 1898ರ ಹಳೆಯ ಸಂಹಿತೆ ನಡೆಯುತ್ತಿದ್ದ ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಸರ್ಕಾರದ ಪರ ಹೆಚ್ಚಾಗಿ ನಿಲ್ಲುತ್ತಿದ್ದವರು ಪೊಲೀಸ್ ಇಲಾಖೆಯವರೇ. ತನಿಖೆಯೂ ಅವರದೇ, ವಾದವೂ ಅವರದೇ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಈ ನಂಟನ್ನು ಕಡಿಯಿತು. ಸಹಾಯಕ ಅಭಿಯೋಜಕರು ಬೇರೆ, ಪೊಲೀಸರು ಬೇರೆ ಎಂದಿತು. ಬೇರೆ ಯಾರೂ ಸಿಗದೆ ಪೊಲೀಸ್ ಅಧಿಕಾರಿಯನ್ನೇ ನಿಲ್ಲಿಸಬೇಕಾದರೆ ಆತ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವನಾಗಿರಕೂಡದು, ಆ ಕೇಸಿನ ತನಿಖೆಯಲ್ಲಿ ಪಾಲ್ಗೊಂಡವನೂ ಆಗಿರಕೂಡದು ಎಂಬ ಷರತ್ತು ಬಂತು. ಇಷ್ಟಾದರೂ ಮಹಾರಾಷ್ಟ್ರದಂಥ ರಾಜ್ಯದಲ್ಲಿ ಅಭಿಯೋಜಕರು ಪೊಲೀಸ್ ಇಲಾಖೆಯ ಹತೋಟಿಯಲ್ಲೇ ಉಳಿದಿದ್ದರು. ಅವರಿಗೆ ಪ್ರತ್ಯೇಕ ವೃಂದ, ಪ್ರತ್ಯೇಕ ಇಲಾಖೆ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 1995ರಲ್ಲಿ. ಕರ್ನಾಟಕದಲ್ಲಿ ಅಭಿಯೋಜಕರದು ಅಭಿಯೋಗ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ. ಕಾಗದದ ಮೇಲೆ ಎಲ್ಲ ಸರಿ. ಠಾಣೆಯವರ ಮನಸ್ಸಿನಲ್ಲಿ ಮಾತ್ರ ಪಿಪಿ ಎಂದರೆ ಕಪ್ಪು ಕೋಟು ತೊಟ್ಟ ತಮ್ಮ ಕಡೆಯ ಮನುಷ್ಯ.

ಅದು ಎಲ್ಲಿ ತಿಕ್ಕುತ್ತದೆ ಎಂಬುದಕ್ಕೆ ಅವರು ಒಂದು ಮಹಜರಿನ ಕಥೆ ಹೇಳುತ್ತಾರೆ. ದೋಷಾರೋಪ ಪಟ್ಟಿಯನ್ನು ಕೋರ್ಟಿಗೆ ಹಾಕುವ ಮುಂಚೆ ಠಾಣೆಯವರು ಕರಡನ್ನು ಪರಿಶೀಲನೆಗೆ ತರುತ್ತಾರೆ. ಒಂದು ಹಲ್ಲೆ ಕೇಸಿನ ಕರಡು ಬಂತು. ಸ್ಥಳ ಮಹಜರು ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆಯವರೆಗೆ ನಡೆದಿದೆ. ಎಫ್‌ಐಆರ್ ದಾಖಲಾದದ್ದು ಸಂಜೆ ಐದೂವರೆಗೆ. ಆದರೆ ಮಹಜರಿನ ತಲೆಯ ಮೇಲೆ ಅಪರಾಧ ಸಂಖ್ಯೆ ಇದೆ, ಅದೇ ಕೈಬರಹ, ಅದೇ ಶಾಯಿ. ಐದೂವರೆಗೆ ಹುಟ್ಟಿದ ನಂಬರು ಮೂರು ಗಂಟೆಯ ಕಾಗದಕ್ಕೆ ಹೇಗೆ ಬಂತು? ಎಂಥ ಎಳೆಯ ವಕೀಲನೂ ಪಾಟೀಸವಾಲಿನಲ್ಲಿ ಮೊದಲು ಎತ್ತಿ ಹಿಡಿಯುವುದು ಇದನ್ನೇ. ಮಹಜರನ್ನು ಸ್ಥಳದಲ್ಲಿ ಬರೆಯಲೇ ಇಲ್ಲ, ಠಾಣೆಯಲ್ಲಿ ಕೂತು ಬರೆದು ಪಂಚರ ಸಹಿ ತೆಗೆದುಕೊಂಡಿದ್ದಾರೆ ಎನ್ನುತ್ತಾನೆ. ಬಹಳ ಸಲ ಅದು ನಿಜವೂ ಆಗಿರುತ್ತದೆ.

ಸಬ್ ಇನ್ಸ್‌ಪೆಕ್ಟರ್ ತಲೆ ಕೆಡಿಸಿಕೊಳ್ಳಲಿಲ್ಲ. ‘ಅದಕ್ಕೇನು ಮೇಡಂ, ಇನ್ನೊಂದು ಬರೆಸಿಬಿಡ್ತೀನಿ, ಪಂಚರು ನಮ್ಮೂರಿನವರೇ.’

‘ಇದ್ದದ್ದು ಇದ್ದ ಹಾಗೇ ಇರಲಿ. ಯಾಕೆ ಹೀಗಾಯ್ತು ಅಂತ ಕಟಕಟೆಯಲ್ಲಿ ನಿಂತು ನೀವೇ ಹೇಳಿ.’

‘ನೀವು ನಮ್ಮ ಕಡೆಯೋ, ಅವರ ಕಡೆಯೋ?’

ಆ ಕೇಸಿನಲ್ಲಿ ಆರೋಪಿ ಖುಲಾಸೆಯಾದ. ಸಬ್ ಇನ್ಸ್‌ಪೆಕ್ಟರ್ ವರ್ಗವಾಗಿ ಹೋಗುವವರೆಗೂ ಅವರೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನು ಸುಪ್ರೀಂ ಕೋರ್ಟ್ 1999ರಲ್ಲಿ, ಶಿವಕುಮಾರ್ ವಿರುದ್ಧ ಹುಕುಂ ಚಂದ್ ಪ್ರಕರಣದಲ್ಲಿ ಕೊಟ್ಟಿತು. ದೂರುದಾರರು ಇಟ್ಟುಕೊಂಡ ಖಾಸಗಿ ವಕೀಲರೇ ಸೆಷನ್ಸ್ ಕೇಸನ್ನು ನಡೆಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಆಗದು ಎಂದಿತು ಕೋರ್ಟು. ದೂರುದಾರನ ವಕೀಲನಿಗೆ ಶಿಕ್ಷೆ ಕೊಡಿಸುವುದೊಂದೇ ಗುರಿಯಾಗಿರಬಹುದು. ಸರ್ಕಾರಿ ಅಭಿಯೋಜಕ ಹೇಗಾದರೂ ಶಿಕ್ಷೆಯಾಗಲೇಬೇಕು ಎಂದು ಹಟ ಹಿಡಿಯುವಂತಿಲ್ಲ, ಆರೋಪಿಗೆ ಅನುಕೂಲವಾದ ಅಂಶ ಕಡತದಲ್ಲಿದ್ದರೆ ಮುಚ್ಚಿಡುವಂತಿಲ್ಲ. ತೀರ್ಪಿನ ಜೆರಾಕ್ಸನ್ನು ಅವರು ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದರು. ಹೊರಗಿನಿಂದ ಅಂಟಿಸುವಷ್ಟು ಧೈರ್ಯ ಯಾವ ಅಭಿಯೋಜಕರಿಗೂ ಇರುವುದಿಲ್ಲ, ಬಿಡಿ. ತಿಂಗಳ ಸಭೆಯಲ್ಲಿ ಕೇಳುವುದು ಎಷ್ಟು ಕೇಸಿನಲ್ಲಿ ಶಿಕ್ಷೆಯಾಯಿತು ಎಂದೇ.

ಸೋಲುವುದು ಸಾಮಾನ್ಯವಾಗಿ ಮಹಜರಿನಿಂದಲ್ಲ, ಮನುಷ್ಯರಿಂದ. ಬದುವಿನ ಜಗಳವೊಂದರಲ್ಲಿ ದಾಯಾದಿ ಮಚ್ಚು ಬೀಸಿ ಒಬ್ಬನ ಕೈ ಮೂಳೆ ಮುರಿದಿದ್ದ. ಭಾರತೀಯ ದಂಡ ಸಂಹಿತೆಯ 326ನೇ ಕಲಂ. ಕಣ್ಣಾರೆ ಕಂಡವಳು ಗಾಯಾಳುವಿನ ತಾಯಿ. ಕೇಸು ಸಾಕ್ಷಿಗೆ ಬರುವ ಹೊತ್ತಿಗೆ ಮೂರು ಬೆಳೆ ಕಳೆದಿತ್ತು. ನ್ಯಾಯಾಲಯದಲ್ಲಿ ಮುದ್ದೆಮಾಲಿನ ಗಂಟು ಬಿಚ್ಚಿದರು. ಬಿಳಿ ಬಟ್ಟೆ ಹಳದಿಗಟ್ಟಿತ್ತು, ಅರಗಿನ ಮೊಹರು ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು, ಪಂಚರ ಸಹಿಯಿದ್ದ ಚೀಟಿ ಮಚ್ಚಿನ ತುಕ್ಕಿಗೆ ಅಂಟಿಕೊಂಡು ಬಂತು. ಮುದುಕಿ ಅದನ್ನು ನೋಡಿದಳು. ಅವಳ ಮನೆಯಲ್ಲಿ ಅಂಥದ್ದೇ ಇನ್ನೊಂದು ಇದ್ದಿರಬೇಕು. ‘ಗೊತ್ತಿಲ್ಲ’ ಎಂದಳು. ಯಾರು ಹೊಡೆದರು? ‘ನೋಡಿಲ್ಲ.’ ಮಗನಿಗೆ ಗಾಯ ಹೇಗಾಯಿತು? ‘ಬಿದ್ದ.’

ಇಲ್ಲಿಂದ ಮುಂದೆ ನಡೆಯುವುದು ಕರ್ನಾಟಕದ ಯಾವ ಕೋರ್ಟಿನಲ್ಲಾದರೂ ಒಂದೇ. ಅಭಿಯೋಜಕಿ ಎದ್ದು, ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಿ ಪಾಟೀಸವಾಲಿಗೆ ಅನುಮತಿ ಕೋರಬೇಕು. ಪೊಲೀಸರ ಮುಂದೆ ಹೇಳಿದ್ದನ್ನು ಸಾಲುಸಾಲಾಗಿ ಓದಿ ಹೇಳಬೇಕು. ಟೈಪಿಸ್ಟ್ ಬೆರಳಿಗೆ ಅದು ಬಾಯಿಪಾಠ: ಆರೋಪಿಯು ಮಚ್ಚಿನಿಂದ ಹೊಡೆದುದನ್ನು ನಾನು ನೋಡಿದ್ದೇನೆ ಎಂದರೆ ಸರಿಯಲ್ಲ. ನಿಶಾನೆ ಪಿ-3ರಂತೆ ಹೇಳಿಕೆ ಕೊಟ್ಟಿರುತ್ತೇನೆ ಎಂದರೆ ಸರಿಯಲ್ಲ. ಆರೋಪಿಯೊಂದಿಗೆ ರಾಜಿಯಾಗಿರುವುದರಿಂದ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಇರಕೂಡದು ಎಂಬುದೇ ಕಾನೂನು. ಅದು ವಿರೋಧ ತೋರಿಸುವುದಕ್ಕಷ್ಟೇ ಬರುತ್ತದೆ, ಪುರಾವೆಗೆ ಬರುವುದಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಮುದುಕಿ ತಾನಾಗಿ ಹತ್ತಿರ ಬಂದಳು. ‘ಏನ್ ಮಾಡಾನವ್ವ, ಒಂದೇ ಊರ್ನಾಗೆ ಬಾಳ್ಬೇಕು. ನೀವು ಇವತ್ತು ಇಲ್ಲಿರ್ತೀರ, ನಾಳೀಕೆ ವರ್ಗ ಆಗಿ ಹೋಯ್ತೀರ. ನಾವೆಲ್ಲಿಗೆ ವರ್ಗ ಆಗಾನ?’

ಇದನ್ನು ಬರೀ ಹೆದರಿಕೆ, ಬರೀ ಲಂಚ ಎನ್ನುವವರಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. 326ನೇ ಕಲಮಿನ ಅಪರಾಧ ರಾಜಿಗೆ ಬರುವಂಥದ್ದಲ್ಲ. ಊರಿನ ಪಂಚಾಯ್ತಿಯಲ್ಲಿ ಬದುವಿನ ಕಲ್ಲು ಸರಿಸಿ ನೆಟ್ಟು, ಆಸ್ಪತ್ರೆ ಖರ್ಚು ಕೊಡಿಸಿ, ಎರಡೂ ಮನೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದ ಮೇಲೂ ಕೋರ್ಟಿನಲ್ಲಿ ರಾಜಿ ಅರ್ಜಿ ಹಾಕಲು ದಾರಿಯಿಲ್ಲ. ಆಗ ಊರವರು ಕಂಡುಕೊಂಡ ದಾರಿಯೇ ‘ನೋಡಿಲ್ಲ, ಬಿದ್ದ.’ ಅಂಥ ಕೇಸಿನಲ್ಲಿ ಪಾಟೀಸವಾಲು ಮಾಡುವಾಗ ನಮ್ಮ ಅಭಿಯೋಜಕಿಯ ದನಿ ಏರುತ್ತಿರಲಿಲ್ಲವಂತೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಕೂತದ್ದೂ ಇಲ್ಲ. ಯಾಕೆಂದರೆ ಪ್ರತಿಕೂಲ ಸಾಕ್ಷಿಯ ಹೇಳಿಕೆ ಇಡಿಯಾಗಿ ಕಸದ ಬುಟ್ಟಿಗೆ ಹೋಗುವುದಿಲ್ಲ. ನಂಬಬಹುದಾದ ಭಾಗವನ್ನು ನ್ಯಾಯಾಧೀಶರು ಆರಿಸಿಕೊಳ್ಳಬಹುದು. ಮಧ್ಯಪ್ರದೇಶದ ಖುಜ್ಜಿ ಎಂಬವನು ಆರೋಪಿಯಾಗಿದ್ದ ಕೊಲೆ ಕೇಸಿನಲ್ಲಿ ಕಣ್ಸಾಕ್ಷಿಯೊಬ್ಬ 1976ರ ನವೆಂಬರ್‌ನಲ್ಲಿ ಮುಖ್ಯ ವಿಚಾರಣೆಯಲ್ಲಿ ಆರೋಪಿಗಳನ್ನು ಗುರುತಿಸಿ, ಒಂದು ತಿಂಗಳ ಮೇಲೆ ಪಾಟೀಸವಾಲಿಗೆ ಬಂದಾಗ ಮಾತು ತಿರುಗಿಸಿದ. ಆ ಒಂದು ತಿಂಗಳಲ್ಲಿ ಅವನನ್ನು ಒಲಿಸಿಕೊಂಡಿದ್ದಾರೆ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಮಾತನ್ನೇ ನಂಬಿತು.

ಬದುವಿನ ಜಗಳಕ್ಕೆ ಸಲ್ಲುವ ಈ ಸಹಾನುಭೂತಿ ಎಲ್ಲ ಕಡೆ ಸಲ್ಲುವುದಿಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ವಿಚಾರಣೆ ಮುಗಿದದ್ದು 2006ರ ಡಿಸೆಂಬರ್‌ನಲ್ಲಿ. ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಆರು ವರ್ಷ ಅದೇ ಊರಿನಲ್ಲಿ, ಅದೇ ಜಮೀನ್ದಾರರ ಹೊಲದ ಅಂಚಿನಲ್ಲಿ ಬದುಕಬೇಕಾದ ಸಾಕ್ಷಿಗೆ ಯಾವ ರಕ್ಷಣೆಯಿತ್ತು? ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆ ಎಂಬುದು ಈ ದೇಶದಲ್ಲಿ ಕಾನೂನಿನ ಬಲ ಪಡೆದದ್ದು 2018ರ ಡಿಸೆಂಬರ್‌ನಲ್ಲಿ, ಮಹೇಂದರ್ ಚಾವ್ಲಾ ಪ್ರಕರಣದಲ್ಲಿ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯಾದಾಗ, 2024ರ ಅಕ್ಟೋಬರ್‌ನಲ್ಲಿ, ನಿವೃತ್ತ ಅಭಿಯೋಜಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿದ್ದು ಒಂದೇ ಪ್ರಶ್ನೆ: ಹತ್ತು ವರ್ಷ ಆ ಸಾಕ್ಷಿಗಳನ್ನು ಅಲುಗದಂತೆ ಹಿಡಿದಿಟ್ಟದ್ದು ಹೇಗೆ?

ಸಾಕ್ಷಿ ತಿರುಗಿದಾಗ ಅಭಿಯೋಜಕರು ಬಾಯಿ ಮುಚ್ಚಿಕೊಂಡು ಕೂತರೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಬೆಂಗಳೂರಿಗೆ ಬಂದ ಒಂದು ಕೇಸು ಸಾಕು. ಜೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಚೆನ್ನೈನಲ್ಲಿ ನಡೆಯುತ್ತಿತ್ತು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ, ಆಗಲೇ ಸಾಕ್ಷಿ ಹೇಳಿ ಹೋಗಿದ್ದ 76 ಮಂದಿಯನ್ನು ಪಾಟೀಸವಾಲಿಗೆಂದು ಮತ್ತೆ ಕರೆಸಲಾಯಿತು. 64 ಮಂದಿ ಹಿಂದೆ ಹೇಳಿದ್ದಕ್ಕೆ ತಿರುಗಿ ಹೇಳಿದರು. ಸರ್ಕಾರಿ ಅಭಿಯೋಜಕರು ಅವರನ್ನು ಪ್ರತಿಕೂಲ ಎನ್ನಲಿಲ್ಲ, ಯಾಕೆ ತಿರುಗಿದಿರಿ ಎಂದು ಕೇಳಲೂ ಇಲ್ಲ. ಆರೋಪಿ ಖುದ್ದಾಗಿ ಬಂದು ಉತ್ತರಿಸಬೇಕಾದ ಪ್ರಶ್ನೆಗಳನ್ನು ಮನೆಗೇ ಕಳಿಸಲು ಕೋರಿದಾಗಲೂ ತಕರಾರು ಇಲ್ಲ ಎಂದರು. ಈ ಮೌನವನ್ನೇ ಮುಖ್ಯ ಕಾರಣಗಳಲ್ಲಿ ಒಂದಾಗಿ ಹಿಡಿದು ಸುಪ್ರೀಂ ಕೋರ್ಟ್ 2003ರ ನವೆಂಬರ್ 18ರಂದು ಕೇಸನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಯಾವ ಹಾಳೆಯಲ್ಲೂ ಒಂದು ಕಾನೂನುಬಾಹಿರ ಮಾತು ಇರಲಿಲ್ಲ. ಹಾಜರಿ ಪಕ್ಕಾ ಇತ್ತು.

ಕರ್ನಾಟಕದ ಅಡ್ವೊಕೇಟ್ ಜನರಲ್ ಹುದ್ದೆಯನ್ನು ಐದು ಸಲ ಹೊತ್ತ ಬಿ.ವಿ. ಆಚಾರ್ಯ ಅವರು ವಿಶೇಷ ಅಭಿಯೋಜಕರಾದದ್ದು ಈ ಕೇಸಿಗೆ. 2011ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಆರೋಪಿ ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯಕ್ಕೆ ಬಂದು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಖುದ್ದು ಉತ್ತರ ಹೇಳಬೇಕಾಯಿತು. 2012ರಲ್ಲಿ ಆಚಾರ್ಯರು ರಾಜೀನಾಮೆ ಕೊಟ್ಟರು. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕಲ್ ಡಿ’ಕುನ್ಹಾ ನಾಲ್ಕು ವರ್ಷ ಶಿಕ್ಷೆ, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಮೇಲ್ಮನವಿ ಹೈಕೋರ್ಟಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಅಭಿಯೋಜಕರನ್ನು ನೇಮಿಸಿದ್ದು ತಮಿಳುನಾಡು. ಆ ಅಧಿಕಾರ ಕರ್ನಾಟಕಕ್ಕೆ ಮಾತ್ರ ಇದ್ದದ್ದು, ನೇಮಕ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಏಪ್ರಿಲ್ 27ರಂದು, ವಾದವೆಲ್ಲ ಮುಗಿದ ಮೇಲೆ. ಮಾರನೆಯ ದಿನದೊಳಗೆ ಕರ್ನಾಟಕ ಲಿಖಿತ ವಾದ ಕೊಡಬಹುದು ಎಂದಿತು. ಮತ್ತೆ ಆಚಾರ್ಯರೇ ಬಂದರು. ಕೈಗೆ ಸಿಕ್ಕಿದ್ದು ಒಂದು ದಿನ.

ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12 ಮಾತ್ರ, ಶೇ 10ರೊಳಗೆ ಇದ್ದರೆ ಬಿಡಬಹುದು ಎಂಬುದು ಆಧಾರ. ತೀರ್ಪಿನಲ್ಲಿ ಬ್ಯಾಂಕ್ ಸಾಲಗಳ ಒಂದು ಪಟ್ಟಿ ಇತ್ತು. ಕೆಳಗೆ ಬರೆದ ಒಟ್ಟು ಮೊತ್ತ 24.17 ಕೋಟಿ. ಮೇಲಿನ ಸಾಲುಗಳನ್ನು ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿ ಎಲ್ಲಿಂದ ಬಂತು? ಆಚಾರ್ಯರು ತೀರ್ಪು ಬಂದ ಬೆನ್ನಿಗೇ ಇದನ್ನು ಬಯಲಿಗೆ ಎತ್ತಿ ಹಿಡಿದರು. ಮೈಸೂರು ಕೋರ್ಟಿನ ಆವರಣದಲ್ಲಿ ಆ ವಾರ ಎಪಿಪಿಗಳು, ವಕೀಲರು, ಗುಮಾಸ್ತರು ಎಲ್ಲರೂ ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಅದೇ ಅಂಕಿಗಳನ್ನು ಕೂಡುತ್ತಿದ್ದರು. ನಮ್ಮ ಅಭಿಯೋಜಕಿ ಕಾಗದದ ಮೇಲೆ ಕೈಯಲ್ಲೇ ಕೂಡಿದರಂತೆ. ‘ಸೆಕ್ಷನ್ನು, ಕೇಸ್ ಲಾ ಎಲ್ಲ ಆಮೇಲೆ. ಮೊದಲು ಕೂಡಿ ನೋಡೋದು’ ಎಂದು ಕಿರಿಯರಿಗೆ ಹೇಳಿದರು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದು ಮಾಡಿ ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಮೊದಲ ಆರೋಪಿ 2016ರ ಡಿಸೆಂಬರ್ 5ರಂದೇ ತೀರಿಹೋಗಿದ್ದರು.

ಸೆಷನ್ಸ್ ಕೋರ್ಟಿನ ವರ್ಷಗಳ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಪೋಕ್ಸೊ ಕಾಯ್ದೆ 2012ರಲ್ಲಿ ಬಂದಾಗ ಕಲಿತದ್ದನ್ನು ಮರೆಯಬೇಕಾಯಿತು ಎನ್ನುತ್ತಾರೆ. ಮಗುವಿಗೆ ಅಭಿಯೋಜಕಿಯೂ ನೇರ ಪ್ರಶ್ನೆ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಿಸಬೇಕು. ಗುಜರಾತಿನ ಕಿಶನ್‌ಭಾಯಿ ಪ್ರಕರಣದಲ್ಲಿ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರತಿಯೊಂದು ಖುಲಾಸೆಯನ್ನೂ ಪರಿಶೀಲಿಸಿ ಯಾರ ಲೋಪ ಎಂದು ಗೊತ್ತು ಮಾಡಿ ಎಂದಿತು. ಅದರ ಆಶಯ ಒಳ್ಳೆಯದೇ. ಕೆಳಗೆ ಇಳಿದು ಬರುವಷ್ಟರಲ್ಲಿ ಅದು ಇನ್ನೊಂದು ನಮೂನೆಯಾಯಿತು, ಇನ್ನೊಂದು ಸಭೆಯಾಯಿತು. ತನಿಖಾಧಿಕಾರಿ ‘ಪಿಪಿ ಸರಿಯಾಗಿ ನಡೆಸಲಿಲ್ಲ’ ಎಂದು ಬರೆಯುತ್ತಾರೆ, ಪಿಪಿ ‘ತನಿಖೆ ಸರಿಯಿಲ್ಲ’ ಎಂದು ಬರೆಯುತ್ತಾರೆ, ಇಬ್ಬರೂ ಸೇರಿ ‘ಸಾಕ್ಷಿಗಳು ಪ್ರತಿಕೂಲ’ ಎಂದು ಬರೆದು ಚಹಾ ಕುಡಿಯುತ್ತಾರೆ.

ಅವರು ಮಾತು ನಿಧಾನ ಮಾಡುವುದು 2000ದ ಇಸವಿಗೆ ಬಂದಾಗ. ಆಗ ಅವರ ಕೆಲಸ ಮೈಸೂರಿನಲ್ಲಿ. ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ. ರಾಜ್ಯ ನಿಂತಲ್ಲೇ ನಿಂತಿತು. ಬೆಂಗಳೂರಿನಲ್ಲಿ ಶಾಲೆ, ಬಸ್ಸು, ಸಿನಿಮಾ ಎಲ್ಲ ಬಂದ್. ಅಪಹರಣಕಾರರ ಬೇಡಿಕೆಗಳಲ್ಲಿ ಒಂದು, ಮೈಸೂರು ಜೈಲಿನಲ್ಲಿ ಟಾಡಾ ಕಾಯ್ದೆಯಡಿ ವರ್ಷಗಳಿಂದ ವಿಚಾರಣಾಧೀನರಾಗಿದ್ದವರ ಬಿಡುಗಡೆ. ಸರ್ಕಾರ ಒಪ್ಪಿತು. ಆದರೆ ಸರ್ಕಾರ ಒಪ್ಪಿದರೆ ಕೇಸು ತಾನಾಗಿ ಬೀಳುವುದಿಲ್ಲ. ಸಂಹಿತೆಯ 321ನೇ ಕಲಂ ಪ್ರಕಾರ ಅಭಿಯೋಜನೆಯನ್ನು ಹಿಂದಕ್ಕೆ ಪಡೆಯಲು ಅರ್ಜಿ ಹಾಕಬೇಕಾದವರು ಅಭಿಯೋಜಕರು, ಅದಕ್ಕೆ ಒಪ್ಪಿಗೆ ಕೊಡಬೇಕಾದದ್ದು ನ್ಯಾಯಾಲಯ. ಮುಖ್ಯಮಂತ್ರಿಯ ಸಹಿ ಅಲ್ಲಿ ನಡೆಯದು. ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ವಿಶೇಷ ಅಭಿಯೋಜಕರು ಟಾಡಾ ಆರೋಪಗಳನ್ನು ಹಿಂತೆಗೆಯಲು ಆಗಸ್ಟ್‌ನಲ್ಲಿ ಅರ್ಜಿ ಹಾಕಿದರು, ಒಪ್ಪಿಗೆಯೂ ಸಿಕ್ಕಿತು.

ಇಡೀ ನಾಡು ‘ಅಣ್ಣಾವ್ರು ಬಂದರೆ ಸಾಕು’ ಎಂದು ಹರಕೆ ಹೊತ್ತಿದ್ದ ಹೊತ್ತು. ಅದರ ವಿರುದ್ಧ ಮಾತೆತ್ತಿದವರು ಒಬ್ಬ ತಂದೆ. 1992ರ ಆಗಸ್ಟ್‌ನಲ್ಲಿ ವೀರಪ್ಪನ್ ಹೊಂಚುದಾಳಿಗೆ ಎಸ್‌ಪಿ ಹರಿಕೃಷ್ಣ ಅವರೊಂದಿಗೆ ಬಲಿಯಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಮ್. ಮಗನನ್ನು ಕೊಂದ ತಂಡದವರ ಮೇಲಿನ ಕೇಸನ್ನು ಹೀಗೆ ಕೈಬಿಡುವುದಾದರೆ ಅವನು ಸತ್ತದ್ದು ಯಾತಕ್ಕೆ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಮೈಸೂರಿನ ವಕೀಲರ ಸಂಘದಲ್ಲಿ ಆ ದಿನಗಳಲ್ಲಿ ಅವರ ಹೆಸರೆತ್ತಲೂ ಜನ ಹಿಂಜರಿಯುತ್ತಿದ್ದರು ಎಂಬುದು ಈ ಅಭಿಯೋಜಕಿಯ ನೆನಪು. ಕ್ಯಾಂಟೀನಿನಲ್ಲಿ ಹಿರಿಯ ವಕೀಲರೊಬ್ಬರು ಇವರನ್ನು ನೇರವಾಗಿ ಕೇಳಿದ್ದರು: ‘ಆ ಅರ್ಜಿ ನಿನ್ನ ಮೇಜಿಗೆ ಬಂದಿದ್ರೆ ಏನ್ ಮಾಡ್ತಿದ್ದೆಯಮ್ಮ?’ ಅವರು ಉತ್ತರ ಹೇಳದೆ ಎದ್ದು ಬಂದರಂತೆ. ಉತ್ತರ ಇಂದಿಗೂ ಸುಲಭವಿಲ್ಲ ಎನ್ನುತ್ತಾರೆ. ಒಂದು ಕಡೆ ಕಾಡಿನಲ್ಲಿ ಒತ್ತೆಯಾಳಾಗಿರುವ ಎಪ್ಪತ್ತು ದಾಟಿದ ಮನುಷ್ಯ, ಊರಲ್ಲಿ ಗಲಭೆಯ ಭಯ. ಇನ್ನೊಂದು ಕಡೆ ಕೊಲೆಯಾದ ಪೊಲೀಸರ ಕಡತ.

ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅರ್ಜಿಯನ್ನೂ ಒಪ್ಪಿಗೆಯನ್ನೂ ತಳ್ಳಿಹಾಕಿತು. ತೀರ್ಪಿನ ತಿರುಳು ಇಷ್ಟು: ಸರ್ಕಾರ ಹೇಳಿದ್ದಕ್ಕೆ ಸಹಿ ಹಾಕುವುದು ಅಭಿಯೋಜಕರ ಕೆಲಸವಲ್ಲ, ಕಡತ ನೋಡಿ, ಸ್ವತಂತ್ರವಾಗಿ ಯೋಚಿಸಿ, ಹಿಂತೆಗೆತ ಸಾರ್ವಜನಿಕ ಹಿತಕ್ಕೆ ಎಂದು ತಮಗೇ ಮನವರಿಕೆಯಾಗಬೇಕು. ಆ ಕೆಲಸ ಇಲ್ಲಿ ನಡೆದಿಲ್ಲ, ನ್ಯಾಯಾಲಯವೂ ಅದನ್ನು ಪರಿಶೀಲಿಸಿಲ್ಲ. ರಾಜ್‌ಕುಮಾರ್ 108 ದಿನಗಳ ಮೇಲೆ, ನವೆಂಬರ್ 15ರಂದು, ಬಿಡುಗಡೆಯಾಗಿ ಬಂದರು. ಊರಲ್ಲಿ ಪಟಾಕಿ ಸಿಡಿಯಿತು. ತೀರ್ಪನ್ನು ಯಾರೂ ಓದಲಿಲ್ಲ, ಅಭಿಯೋಜಕರ ಹೊರತು.

ಓದಿದ್ದರೂ ನಡೆಯುವುದು ಬೇರೆ. ಸರ್ಕಾರಗಳು ಬದಲಾದ ಹಾಗೆ ಕೇಸು ಹಿಂತೆಗೆಯುವ ಪಟ್ಟಿಗಳು ಬರುತ್ತಲೇ ಇರುತ್ತವೆ. ರೈತ ಚಳವಳಿಯವು, ನೀರಿನ ಗಲಾಟೆಯವು, ಅವುಗಳ ನಡುವೆ ತೂರಿಸಿದ ಶಾಸಕರ ಬೆಂಬಲಿಗರವು. ಪಟ್ಟಿಯ ಜತೆ ಅರ್ಜಿಯ ಮಾದರಿಯನ್ನೂ ಕಳಿಸಿರುತ್ತಾರೆ. ಕೇಸ್ ನಂಬರ್ ತುಂಬಿ ಸಹಿ ಹಾಕಿದರೆ ಆಯಿತು. ಶಾಸಕರು, ಸಂಸದರ ಮೇಲಿನ ಕೇಸಾದರೆ ಹೈಕೋರ್ಟಿನ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಕಟ್ಟುಮಾಡಿತು. ಕರ್ನಾಟಕ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 43 ಪ್ರಕರಣಗಳನ್ನು ಹಿಂತೆಗೆಯಲು ಹೊರಡಿಸಿದ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದುಪಡಿಸಿತು. ನಮ್ಮ ಅಭಿಯೋಜಕಿ ಸರ್ವಿಸಿನಲ್ಲಿದ್ದಾಗ ಇಂಥ ಮಾದರಿ ಅರ್ಜಿಗಳನ್ನು ಬದಿಗಿಟ್ಟು ತಾವೇ ಬರೆಯುತ್ತಿದ್ದರು. ಹೆದ್ದಾರಿಯಲ್ಲಿ ಕೂತು ಘೋಷಣೆ ಕೂಗಿದ್ದಕ್ಕೆ ಹಿಂತೆಗೆತ, ಬಸ್ಸಿಗೆ ಕಲ್ಲು ಬಿದ್ದು ಚಾಲಕನ ತಲೆ ಒಡೆದದ್ದಕ್ಕೆ ಇಲ್ಲ. ಇಲ್ಲ ಎಂದು ಮೇಲಕ್ಕೆ ಬರೆದ ಕಾಗದಕ್ಕೆ ಉತ್ತರ ಬರುತ್ತಿರಲಿಲ್ಲ. ಒಂದೊಂದು ಸಲ ವರ್ಗಾವಣೆ ಆದೇಶ ಬರುತ್ತಿತ್ತು.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಿರಿಯ ಎಪಿಪಿಗಳು ಹಳೆ ಕಲಂ ಹೇಳಿ ಹೊಸ ಕಲಂ ಕೇಳಲು ಅವರಿಗೆ ಫೋನ್ ಮಾಡುತ್ತಾರೆ. ಹೀಗೆ ಒಬ್ಬ ಹುಡುಗಿ ಒಂದು ಸಂಜೆ ಮಾಡಿದಳು.

‘ಮೇಡಂ, 321 ಈಗ ಎಷ್ಟು?’

‘360. ಯಾಕಮ್ಮ?’

‘ಒಂದು ಹಳೇ ಗಲಾಟೆ ಕೇಸು. ಹಿಂತೆಗೆಯೋಕೆ ಆದೇಶ ಬಂದಿದೆ. ನಾಳೆನೇ ಅರ್ಜಿ ಹಾಕಿ ಅಂತಿದಾರೆ.’

‘ಫೈಲ್ ಓದಿದ್ಯಾ?’

‘ಇನ್ನೂ ಇಲ್ಲ ಮೇಡಂ.’

‘ಓದು. ಗಾಯ ಆದೋರು ಯಾರಾದ್ರೂ ಇದಾರಾ ನೋಡು. ಹೊಸದರಲ್ಲಿ ಒಂದು ಮಾತು ಸೇರಿಸಿದಾರೆ, ಬಾಧಿತರ ಮಾತು ಕೇಳದೆ ಕೋರ್ಟು ಒಪ್ಪಿಗೆ ಕೊಡೋ ಹಾಗಿಲ್ಲ. ನೋಟಿಸ್ ಹೋಗ್ಬೇಕು.’

ಅಬ್ದುಲ್ ಕರೀಮ್ ದಿಲ್ಲಿಯವರೆಗೆ ಹೋಗಿ ಹೇಳಬೇಕಾಗಿದ್ದ ಮಾತನ್ನು ಈಗ ತಾಲ್ಲೂಕು ಕೋರ್ಟಿನಲ್ಲೇ ಹೇಳಲು ಆ ಒಂದು ಸಾಲು ಜಾಗ ಮಾಡಿದೆ. ಹುಡುಗಿ ಮಾರನೆಯ ದಿನ ಮತ್ತೆ ಫೋನ್ ಮಾಡಿದಳು. ಗಾಯಾಳು ಒಬ್ಬ ಬೀಡಾ ಅಂಗಡಿಯವನು. ದೋಷಾರೋಪ ಪಟ್ಟಿಯಲ್ಲಿದ್ದ ವಿಳಾಸದಲ್ಲಿ ಅವನಿಲ್ಲ, ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಮೇಲಿನವರು ಅವಸರ ಮಾಡುತ್ತಿದ್ದಾರೆ, ಏನು ಮಾಡಲಿ ಎಂದಳು. ಕೋರ್ಟ್ ಡ್ಯೂಟಿ ಕಾನ್‌ಸ್ಟೇಬಲ್ ಯಾರು, ಹಳಬನೋ ಹೊಸಬನೋ ಎಂದು ಇವರು ವಿಚಾರಿಸಿದರು. ಹಳಬ ಎಂದು ಗೊತ್ತಾದ ಮೇಲೆ, ‘ಹಾಗಾದ್ರೆ ಅವನನ್ನೇ ಕಳಿಸು, ಹುಡುಕಿ ತರ್ತಾನೆ. ಅಲ್ಲಿವರೆಗೆ ಕೋರ್ಟಲ್ಲಿ ಸಮಯ ಕೇಳು’ ಎಂದರು.